ತೊಗರಿ ವ್ಯಾಪಾರ: ಮಳೆಗಿಂತ ಆದೇಶದ ಚಿಂತೆ

ಕಲಬುರಗಿಯ ದಾಲ್ ಮಿಲ್‌ಗಳಿಗೆ ಅನಿಶ್ಚಿತತೆ ಎಂದರೆ ಮಳೆಯಷ್ಟೇ ಅಲ್ಲ. ಮಳೆ ಕೈಕೊಟ್ಟರೆ ಹೊಲ ನೋಡಿ ಇಳುವರಿ ಅಂದಾಜಿಸಬಹುದು. ಸರ್ಕಾರದ ಆದೇಶವನ್ನು ಹಾಗೆ ಅಂದಾಜಿಸಲಾಗದು. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸಗಟು ವ್ಯಾಪಾರಿಗಳ ತೊಗರಿ ದಾಸ್ತಾನಿಗೆ 200 ಟನ್ ಮಿತಿ ಹಾಕಿತು. ಸೆಪ್ಟೆಂಬರ್‌ನಲ್ಲಿ ಅದು 50 ಟನ್‌ಗೆ ಇಳಿಯಿತು, ನವೆಂಬರ್‌ನಲ್ಲಿ ಮತ್ತೆ 200ಕ್ಕೆ ಏರಿತು. ಮಿಲ್‌ಗಳ ಮಿತಿಯೂ ಜತೆಗೇ ಕುಗ್ಗಿತು, ಹಿಗ್ಗಿತು. ಇತ್ತ 2021ರಲ್ಲಿ ತೊಗರಿ ಆಮದು ಮುಕ್ತವಾಯಿತು. ಮ್ಯಾನ್ಮಾರ್, ಆಫ್ರಿಕಾದ ಕಾಳು ಬಂದರೆ ಇಲ್ಲಿನ ದರ ಅಲುಗಾಡುತ್ತದೆ. ಗ್ರಾಹಕರಿಗೆ ಬೇಳೆ ಕೈಗೆಟುಕಬೇಕೆಂಬ ಉದ್ದೇಶ ಸರಿಯೇ. ಆದರೆ ನಿಯಮ ಯಾವಾಗ ಬದಲಾದೀತೋ ಎಂಬ ಅಂಜಿಕೆಯಲ್ಲಿ ಮಿಲ್‌ನವರು ಆ ವಾರಕ್ಕೆ ಬೇಕಾದಷ್ಟೇ ಕೊಂಡರೆ, ಅದರ ಪೆಟ್ಟು ಸಾಲ ತೀರಿಸಲೆಂದು ಸುಗ್ಗಿಯಲ್ಲೇ ಎಪಿಎಂಸಿಗೆ ಚೀಲ ತಂದ ರೈತನಿಗೆ.