ಸಭೆಯ ಸಮಯವೂ ಸಮಾನತೆಯ ಪ್ರಶ್ನೆಯೇ

ಉದ್ಯೋಗ ಸ್ಥಳದಲ್ಲಿ ಲಿಂಗ ಸಮಾನತೆಯ ಮಾತು ಬಂದಾಗಲೆಲ್ಲ ನಾವು ಕಾಯ್ದೆಗಳನ್ನು ಎಣಿಸುತ್ತೇವೆ. ಎಣಿಸಲು ಅವು ಸಾಕಷ್ಟಿವೆ. ಸಮಾನ ವೇತನ ಕಾಯ್ದೆ 1976ರಲ್ಲೇ ಬಂತು. ವಿಶಾಖಾ ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಮಾರ್ಗಸೂಚಿಗಳು 2013ರಲ್ಲಿ ಶಾಸನದ ರೂಪ ಪಡೆದವು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು ವೇತನಸಹಿತ ರಜೆಯನ್ನು 26 ವಾರಗಳಿಗೆ ಹೆಚ್ಚಿಸಲಾಯಿತು. ಆದರೆ ಬೀದರ್ ನಗರದಲ್ಲಿ ಸಂಜೆ ಐದು ಗಂಟೆಗೆ ಪ್ರಗತಿ ಪರಿಶೀಲನಾ ಸಭೆ ಕರೆದರೆ, ಔರಾದ್‌ನಿಂದ ಬಂದ ಮಹಿಳಾ ಅಧಿಕಾರಿ ರಾತ್ರಿ ಮನೆ ಸೇರುವುದು ಹೇಗೆ ಎಂಬ ಪ್ರಶ್ನೆಗೆ ಇವುಗಳಲ್ಲಿ ಯಾವುದರಲ್ಲೂ ಉತ್ತರವಿಲ್ಲ.

ಈ ಪ್ರಶ್ನೆ ಕ್ಷುಲ್ಲಕವಲ್ಲ. ಔರಾದ್ ರಾಜ್ಯದ ಉತ್ತರದ ತುದಿಯ ತಾಲ್ಲೂಕು. ಭಾಲ್ಕಿಗೆ ರೈಲಿನ ಅನುಕೂಲವಿದೆ. ಔರಾದ್ ಪಟ್ಟಣಕ್ಕೆ ಅದೂ ಇಲ್ಲ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯು ಮಹಿಳೆಯರ ಬಸ್ ಪ್ರಯಾಣದ ಖರ್ಚನ್ನು ಇಲ್ಲವಾಗಿಸಿತು, ಹೊತ್ತು ಮೀರಿದ ಸಭೆಯನ್ನಲ್ಲ. ಪುರುಷ ಸಹೋದ್ಯೋಗಿ ತಡವಾದರೆ ಮೋಟಾರ್ ಸೈಕಲ್ ಏರುತ್ತಾನೆ, ಇಲ್ಲವೇ ನಗರದಲ್ಲೇ ಪರಿಚಿತರ ಮನೆಯಲ್ಲಿ ಉಳಿಯುತ್ತಾನೆ. ಮಹಿಳೆ ಗಡಿಯಾರ ನೋಡುತ್ತಾಳೆ. ಎರಡು ಸಭೆಗಳಿಂದ ಬೇಗ ಎದ್ದು ಹೋದವಳ ಬಗ್ಗೆ ‘ಕೆಲಸದಲ್ಲಿ ಆಸಕ್ತಿ ಕಡಿಮೆ’ ಎಂಬ ಅಭಿಪ್ರಾಯ ಮೂಡುತ್ತದೆ. ಹೊಣೆಯುಳ್ಳ ಶಾಖೆ ಬೇರೆಯವರಿಗೆ ಹೋಗುತ್ತದೆ. ಮುಂಬಡ್ತಿ ಬಂದಾಗ ದೂರದ ಊರಿಗೆ ಅಂಜಿ ಅವಳೇ ಬೇಡವೆನ್ನುತ್ತಾಳೆ. ಕಡತದಲ್ಲಿ ಅದು ‘ಸ್ವಇಚ್ಛೆಯ ನಿರಾಕರಣೆ’. ಮೂವತ್ತು ವರ್ಷಗಳ ಸೇವೆಯಲ್ಲಿ ಇಂಥ ನಿರಾಕರಣೆಯ ಪತ್ರಗಳನ್ನು ಹಲವು ಬಾರಿ ನೋಡಿದ್ದೇನೆ. ಅವುಗಳಲ್ಲಿ ನಿಜವಾದ ಕಾರಣ ಬರೆದದ್ದು ಅಪರೂಪ.

ಅರ್ಥಶಾಸ್ತ್ರ ಈ ಸಂಗತಿಯನ್ನು ಈಗ ಗಂಭೀರವಾಗಿ ಪರಿಗಣಿಸಿದೆ. ಮಹಿಳೆಯರ ದುಡಿಮೆಯ ಇತಿಹಾಸ ಕುರಿತ ಅಧ್ಯಯನಕ್ಕಾಗಿ 2023ರಲ್ಲಿ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ತೋರಿಸಿಕೊಟ್ಟಿದ್ದು ಇದನ್ನೇ. ಒಂದೇ ವೃತ್ತಿಯಲ್ಲಿರುವ ಗಂಡು–ಹೆಣ್ಣಿನ ಗಳಿಕೆಯ ಅಂತರ ಬಹುಮಟ್ಟಿಗೆ ಮೊದಲ ಮಗು ಹುಟ್ಟಿದ ಬಳಿಕ ಬೆಳೆಯುತ್ತದೆ. ಯಾವ ಹೊತ್ತಿನಲ್ಲಿ ಕರೆದರೂ ಬರಬಲ್ಲವನಿಗೆ ಹೆಚ್ಚಿನ ಪ್ರತಿಫಲ ನೀಡುವ ಉದ್ಯೋಗಗಳು ಮನೆಯ ಹೊಣೆ ಹೊತ್ತವಳನ್ನು ಹಿಂದಕ್ಕೆ ತಳ್ಳುತ್ತವೆ. ನಮ್ಮಲ್ಲಿ ಆ ಹೊಣೆ ಎಷ್ಟೆಂಬುದನ್ನು ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ ಹೇಳುತ್ತದೆ. ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವವರ ಪೈಕಿ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ, ಪುರುಷರು 88 ನಿಮಿಷ ಅದಕ್ಕೆ ವ್ಯಯಿಸುತ್ತಾರೆ. ಈ ಅಂತರ ಕಚೇರಿಯ ಬಾಗಿಲಲ್ಲಿ ಕರಗಿಹೋಗುವುದಿಲ್ಲ.

ಕಚೇರಿಯೊಳಗೂ ಮನೆಯ ಪದ್ಧತಿಯೇ ಮುಂದುವರಿಯುತ್ತದೆ. ಸಚಿವರು ಬಂದರೆ ಹೂಗುಚ್ಛ ಹಿಡಿದು ನಿಲ್ಲುವವರು, ಸಮಾರಂಭದಲ್ಲಿ ಪ್ರಾರ್ಥನೆ ಹಾಡುವವರು, ಸಭೆಯ ನಡಾವಳಿ ಬರೆಯುವವರು ಯಾರು ಎಂಬುದನ್ನು ಗಮನಿಸಿದರೆ ಸಾಕು. ಇದೇ ಜಿಲ್ಲೆಯ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕ್ ಸ್ವಸಹಾಯ ಗುಂಪುಗಳಿಗೆ ಸಾಲ ನೀಡುವುದರಲ್ಲಿ ದೇಶಕ್ಕೇ ಹೆಸರಾಗಿತ್ತು. ಆ ಗುಂಪುಗಳ ಮಹಿಳೆಯರು ಲೆಕ್ಕ ಬರೆದರು, ಸಾಲ ಮಂಜೂರು ಮಾಡಿದರು, ಕಂತು ವಸೂಲಿ ಮಾಡಿದರು. ಗುಂಪಿನಲ್ಲಿ ಹಣದ ತೀರ್ಮಾನ ಕೈಗೊಳ್ಳುವವಳು ವೇದಿಕೆಯಲ್ಲಿ ಮಾತ್ರ ಆರತಿ ತಟ್ಟೆ ಹಿಡಿಯಬೇಕೆಂಬುದು ವಿಚಿತ್ರ ತರ್ಕ.

ಪಂಚಾಯಿತಿಗಳ ಕತೆಯೂ ಬೇರೆಯಲ್ಲ. 1983ರ ಕಾಯ್ದೆಯ ಮೂಲಕ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ನೀಡಿ ಕರ್ನಾಟಕವು ಸಂವಿಧಾನದ 73ನೇ ತಿದ್ದುಪಡಿಗಿಂತ ಮೊದಲೇ ದಾರಿ ತೋರಿತು. 2010ರಲ್ಲಿ ಅದು ಶೇ 50ಕ್ಕೆ ಏರಿತು. ಆದರೂ ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಪತಿರಾಯರು ಕೂರುವುದು, ಅಧಿಕಾರಿಗಳು ಅವರಿಗೇ ಫೋನ್ ಮಾಡುವುದು ನಿಂತಿಲ್ಲ. ಪತಿಯನ್ನು ದೂರುವುದು ಸುಲಭ. ಆದರೆ ಆ ಫೋನ್ ಮಾಡುವ ಅಧಿಕಾರಿಯ ರೂಢಿ ಬದಲಾಗದೆ ಮೀಸಲಾತಿಗೆ ಅರ್ಥ ಬಾರದು.

ಈ ಮಾತನ್ನು ಹೊರಗಿನಿಂದ ತರಬೇಕಾದ ನೆಲವಲ್ಲ ನಮ್ಮದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕದಲ್ಲಿ ಮೇಲು ಕೀಳೆಣಿಸಲಿಲ್ಲ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಪತಿ ಮಾರಯ್ಯನನ್ನು ಮರಳಿ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕತೆ ಇಲ್ಲಿ ಎಲ್ಲರಿಗೂ ಗೊತ್ತು. ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಮಂಟಪದ ಕಂಬಗಳಷ್ಟೇ ಮುಖ್ಯವಾದುದು, ಅಲ್ಲಿ ಹೆಣ್ಣಿನ ಮಾತನ್ನು ಕೊನೆಯವರೆಗೆ ಕೇಳಿಸಿಕೊಳ್ಳುತ್ತಿದ್ದ ಪದ್ಧತಿ.

ಹಾಗಾದರೆ ಏನು ಮಾಡಬೇಕು? ಹಣ ಬೇಡದ ಕೆಲವು ಅಭ್ಯಾಸಗಳು ಸಾಕು. ತಾಲ್ಲೂಕುಗಳಿಂದ ಬರುವವರ ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಆರಂಭಿಸಿ ಮಧ್ಯಾಹ್ನ ಮೂರರೊಳಗೆ ಮುಗಿಸುವುದು. ನಡಾವಳಿ ಬರೆಯುವ, ಅತಿಥಿಗಳನ್ನು ಸ್ವಾಗತಿಸುವ ಕೆಲಸವನ್ನು ಗಂಡು ಹೆಣ್ಣೆನ್ನದೆ ಸರದಿಯಂತೆ ಹಂಚುವುದು. ಮಹಿಳೆ ಮಾತನಾಡುವಾಗ ನಡುವೆ ಬಾಯಿ ಹಾಕಿದವರನ್ನು ತಡೆಯುವುದು, ಸಲಹೆ ಅವಳದಾದರೆ ಅವಳ ಹೆಸರಿನಲ್ಲೇ ದಾಖಲಿಸುವುದು. ಸಹೋದ್ಯೋಗಿಯನ್ನು ‘ತಂಗಿ’, ‘ಅಮ್ಮ’ ಎನ್ನದೆ ಹುದ್ದೆಯ ಹೆಸರಿನಿಂದ ಕರೆಯುವುದು. ಮಗುವಿಗೆ ಜ್ವರವೆಂದು ರಜೆ ಕೇಳಿದ ತಂದೆಯನ್ನು ನೋಡಿ ನಗದಿರುವುದು. ಕೊನೆಯದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಆ ನಗುವೇ ಮರುದಿನ ತಾಯಿಯ ರಜೆ ಅರ್ಜಿಯಾಗಿ ಬರುತ್ತದೆ.

ಇದರೊಡನೆ ಕಾಯ್ದೆಯ ಒಂದು ಅಂಶವನ್ನೂ ನೆನಪಿಡಬೇಕು. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು. ಅದು ಕಾಗದದ ಮೇಲಿದ್ದರೆ ಸಾಲದು. ಸದಸ್ಯರ ಹೆಸರು, ದೂರವಾಣಿ ಸಂಖ್ಯೆ ಎಲ್ಲರ ಕಣ್ಣಿಗೆ ಬೀಳುವ ಗೋಡೆಯ ಮೇಲಿರಬೇಕು. ಹೊಸದಾಗಿ ಸೇರಿದವರಿಗೆ ಅದನ್ನು ಮೊದಲ ದಿನವೇ ತಿಳಿಸುವ ರೂಢಿಯಾಗಬೇಕು.

ಮಹಿಳೆಯರಿಗೆ ರಿಯಾಯಿತಿ ಕೊಡುತ್ತಾ ಹೋದರೆ ಆಡಳಿತ ನಡೆಯುವುದೆಂತು ಎಂದು ಕೇಳುವವರಿದ್ದಾರೆ. ಚುನಾವಣೆ, ಅತಿವೃಷ್ಟಿ, ಸಾಂಕ್ರಾಮಿಕ ರೋಗದಂಥ ಸಂದರ್ಭಗಳಲ್ಲಿ ಹೊತ್ತು ನೋಡುವಂತಿಲ್ಲ ಎಂಬುದು ನಿಜ. ಅಂಥ ವೇಳೆ ವಾಹನ ಒದಗಿಸಿ ಎಲ್ಲರನ್ನೂ ದುಡಿಸಿಕೊಳ್ಳಬೇಕು, ಮಹಿಳೆಯರೂ ಹಿಂದೆ ಸರಿಯಬಾರದು. ಆದರೆ ತಿಂಗಳ ಪ್ರಗತಿ ವರದಿ ಪ್ರವಾಹವಲ್ಲ. ಅದನ್ನು ಸಂಜೆಗೆ ತಳ್ಳುವುದು ತುರ್ತಿನಿಂದಲ್ಲ, ಅಶಿಸ್ತಿನಿಂದ. ಸಮಯಕ್ಕೆ ಮುಗಿಯುವ ಸಭೆಯಿಂದ ಭಾಲ್ಕಿಯ ಪುರುಷ ಗುಮಾಸ್ತನಿಗೂ ಲಾಭವೇ. ಇದನ್ನು ರಿಯಾಯಿತಿ ಎನ್ನುವುದಕ್ಕಿಂತ ಸುವ್ಯವಸ್ಥೆ ಎನ್ನುವುದು ಸರಿ.

ಅಭ್ಯಾಸವನ್ನು ಸುತ್ತೋಲೆ ಹೊರಡಿಸಿ ಬೆಳೆಸಲಾಗದು. ಕುರ್ಚಿಯಲ್ಲಿರುವ ಹಿರಿಯರು ಮಾಡಿ ತೋರಿಸಿದರೆ ಕಿರಿಯರು ಕಲಿಯುತ್ತಾರೆ. ಪ್ರತಿ ಕಚೇರಿಯ ಮುಖ್ಯಸ್ಥರೂ ಕಳೆದ ಮೂರು ತಿಂಗಳ ಸಭಾ ಪುಸ್ತಕವನ್ನು ಒಮ್ಮೆ ತಿರುವಿಹಾಕಲಿ. ಸಭೆ ಎಷ್ಟು ಹೊತ್ತಿಗೆ ಮುಗಿಯಿತು, ಯಾರು ಮಾತನಾಡಿದರು, ಯಾರು ಬರೆದುಕೊಂಡರು ಎಂಬುದನ್ನು ಗುರುತು ಹಾಕಿಕೊಳ್ಳಲಿ. ಸಮಾನತೆ ನಮ್ಮಲ್ಲಿ ಎಲ್ಲಿ ನಿಂತಿದೆ ಎಂಬುದನ್ನು ತಿಳಿಯಲು ಬೇರೆ ಸಮೀಕ್ಷೆ ಬೇಕಾಗದು.