ಬಿಡುವಿನ ವೇಳೆಯ ಕೆಲಸ: ಪಂದ್ಯದ ದೋಣಿಯ ಭಾರ ಎಲ್ಲಿರಬೇಕು?

ರಜೆಯ ದಿನಗಳಲ್ಲಿ ಹುಡುಗರ ಕೈಗೆ ಕೆಲಸವನ್ನು ಕಲ್ಪಿಸುವುದೇ ಹಿರಿಯರಿಗೊಂದು ಕೆಲಸವಾಗುವುದೆಂಬುದು ಗೃಹಸ್ಥರಾದ ವಾಚಕರಿಗೆ ಹೊಸ ಮಾತಲ್ಲ. ಕಳೆದ ಬೇಸಗೆಯಲ್ಲಿ ಈ ಹೊಣೆಯನ್ನು ನಾನೇ ಹೊತ್ತುಕೊಂಡು, ಸಿರುಗುಪ್ಪ ತಾಲ್ಲೂಕಿನ ದೇಶನೂರಿನಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಒಂದು ತಿಂಗಳನ್ನು ಕಳೆದೆನು. ವಿಜಯನಗರದ ಅರಸರ ಕಾಲದಿಂದ ತುಂಗಭದ್ರೆಯ ನೀರನ್ನು ಗದ್ದೆಗಳಿಗೆ ಒಯ್ಯುತ್ತಿರುವ ಕಾಲುವೆಗಳಲ್ಲಿ ಆ ಊರಿನ ಹೆಸರಿನದೂ ಒಂದುಂಟು. ನೀರಿನ ನೆರೆಯಲ್ಲಿ ಬೆಳೆದ ಹುಡುಗರಿಗೆ ದೋಣಿಯ ಹುಚ್ಚು ಸಹಜವಷ್ಟೆ. ನನ್ನ ಸೋದರಳಿಯನು ತೆಳುವಾದ ಪ್ಲೈವುಡ್ಡಿನಿಂದ, ರೇಡಿಯೋ ಮೂಲಕ ದಡದಲ್ಲಿ ನಿಂತೇ ನಡೆಸತಕ್ಕ ಒಂದು ಪಂದ್ಯದ ದೋಣಿಯ ಮಾದರಿಯನ್ನು ನಾನು ಹೋಗುವುದರೊಳಗೆ ಕಟ್ಟಿ ಮುಗಿಸಿದ್ದನು.

ಈ ಜಾತಿಯ ದೋಣಿಗೆ ಹೈಡ್ರೋಪ್ಲೇನ್ ಎಂದು ಹೆಸರು. ಸುಮಾರು 30 ಅಡಿ ಉದ್ದದ ನಿಜವಾದ ಪಂದ್ಯದ ದೋಣಿಯನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದುದರಿಂದ ನಮ್ಮದು ಮೂರಡಿ ಉದ್ದವಾಗಿದ್ದಿತು. ಸಾಮಾನ್ಯವಾದ ದೋಣಿಯು ನೀರನ್ನು ಸೀಳಿಕೊಂಡು ಹೋಗುವುದು. ಇದಾದರೋ ನೀರಿನ ಮೇಲೆ ಜಾರುವುದು. ಮುಂಭಾಗದ ಎರಡು ಪಕ್ಕಗಳಲ್ಲಿ ಮುಂಗಾಲುಗಳಂತೆ ಚಾಚಿಕೊಂಡಿರುವ ಅಂಗಗಳಿವೆ. ಇವನ್ನು ಸ್ಪಾನ್ಸನ್ ಎನ್ನುವರು. ವೇಗವೇರಿದೊಡನೆ ದೋಣಿಯು ಮೇಲೆದ್ದು, ಈ ಎರಡರ ಹಿಂದಂಚುಗಳ ಮೇಲೂ, ಹಿಂದುಗಡೆ ಅರ್ಧ ಮುಳುಗಿ ತಿರುಗುವ ಪ್ರೊಪೆಲರಿನ ಮೇಲೂ ಮಾತ್ರ ನಿಲ್ಲುವುದು. ಮೂರು ಕಾಲಿನ ಮಣೆಯಂತೆ ಎನ್ನಬಹುದು. ಆದರೆ ಈ ಮಣೆ ಓಡುತ್ತಿರುವುದು! ಉಳಿದ ಒಡಲಿನ ಕೆಳಗೆ ಗಾಳಿಯೇ ಹೊರತು ನೀರಿಲ್ಲ. ಅದರ ಅತಿಶಯವಾದ ವೇಗಕ್ಕೂ, ಅದರ ಅಪಾಯಕ್ಕೂ ಇದೇ ಕಾರಣ.

ಮೊದಲನೆಯ ದಿನ ನಾವು ಭಾರದ ವಿಚಾರವನ್ನೇ ಮಾಡಲಿಲ್ಲ. ಬ್ಯಾಟರಿಯು ಹಿಂಭಾಗದಲ್ಲಿ ಸುಲಭವಾಗಿ ಹಿಡಿಸಿತೆಂದು ಅಲ್ಲಿಯೇ ಇಟ್ಟು, ಪರಿಚಿತರೊಬ್ಬರ ಹೊಲದ ಕೃಷಿಹೊಂಡಕ್ಕೆ ಹೋದೆವು. ಅರ್ಧ ವೇಗದಲ್ಲಿ ದೋಣಿಯು ಸೊಗಸಾಗಿ ಓಡಿತು. ಹುಡುಗನು ಪೂರ್ಣ ವೇಗವನ್ನು ಕೊಟ್ಟೊಡನೆ ಅದರ ಮೂಗು ಮೇಲೆದ್ದು, ಗಾಳಿಯಲ್ಲಿ ಒಂದು ಲಾಗ ಹಾಕಿ, ಹೊಂಡದ ನಡುವೆ ಬೆನ್ನಡಿಯಾಗಿ ಬಿದ್ದಿತು. ನಾನು "ನಿಲ್ಲೋ" ಎನ್ನುವಷ್ಟರಲ್ಲಿ ಅವನು ಇಳಿಜಾರಿಗೆ ಧುಮುಕಿದ್ದನು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯು ಒದ್ದೆಯಾದಾಗ ಪಾಚಿಗಿಂತಲೂ ಜಾರುವುದು. ಕಾಲಿಗೂ ಹಿಡಿತವಿಲ್ಲ, ಕೈಗೂ ಹಿಡಿತವಿಲ್ಲ. ಎರಡಾಳು ನೀರಿನಲ್ಲಿ ಹುಡುಗನು ದಡಕ್ಕೆ ಬಂದಂತೆಲ್ಲ ಹಿಂದಕ್ಕೆ ಜಾರುತ್ತಿದ್ದನು. ಹೊಲದ ಕೆಲಸದ ವೃದ್ಧನೊಬ್ಬನು ಓಡಿಬಂದು ಹಗ್ಗವನ್ನು ಎಸೆಯದಿದ್ದರೆ ಈ ಅಂಕಣವನ್ನು ನಾನು ಬರೆಯುತ್ತಿರಲಿಲ್ಲ. ತಪ್ಪು ನನ್ನದೇ. ಅಕ್ಕನು ಆ ರಾತ್ರಿ ನನ್ನೊಡನೆ ಮಾತನಾಡಲಿಲ್ಲ.

ಆ ವೃದ್ಧನು ಪ್ರಾಯದಲ್ಲಿ ತುಂಗಭದ್ರೆಯಲ್ಲಿ ಹರಿಗೋಲು ಹಾಕಿದವನಂತೆ. ಬಿದಿರಿನಿಂದ ಹೆಣೆದು ಚರ್ಮವನ್ನು ಹೊದಿಸುತ್ತಿದ್ದ ಈ ದುಂಡು ತೆಪ್ಪಗಳನ್ನು ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್‌ನೂ ಬಣ್ಣಿಸಿರುವನು. ಇದಕ್ಕಿಂತ ನಿಧಾನವಾದ ದೋಣಿಯು ಲೋಕದಲ್ಲಿದೆಯೋ ಇಲ್ಲವೋ! ಆದರೂ ಅದನ್ನು ನಡೆಸಿದವನ ಕಣ್ಣು ಒಡನೆಯೇ ದೋಷವನ್ನು ಹಿಡಿಯಿತು. "ಭಾರ ಹಿಂದೈತ್ರೀ ಯಜಮಾನ್ರ, ಅದಕ್ಕ ಮೂಗು ಎತ್ತಿತು. ನಾವು ಮಂದೀನ ಹೆಂಗ್ ಕುಂದ್ರಸ್ತಿದ್ವಿ ಗೊತ್ತೇನ್ರಿ?" ಎಂದನು.

ಮರುದಿನ ಅಕ್ಕನ ಅಡುಗೆಮನೆಯ ತೂಕದ ಯಂತ್ರವನ್ನು ಬೇಡಿ ತಂದೆವು. ಈ ಪರೀಕ್ಷೆಯನ್ನು ಯಾರಾದರೂ ಮಾಡಬಹುದಾದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುವೆನು. ಬ್ಯಾಟರಿ ಮೊದಲಾದ ಸಕಲ ಸಾಮಗ್ರಿಯನ್ನೂ ಒಳಗಿಟ್ಟು ದೋಣಿಯನ್ನು ತೂಗಬೇಕು. ನಮ್ಮದು 3000 ಗ್ರಾಂ ಬಂದಿತು. ತರುವಾಯ ಸ್ಪಾನ್ಸನ್‌ಗಳ ಹಿಂದಂಚನ್ನು ಒಂದು ಮರದ ತುಂಡಿನ ಮೇಲೆಯೂ, ಪ್ರೊಪೆಲರಿನ ಸ್ಥಾನವನ್ನು ತೂಕದ ಯಂತ್ರದ ಮೇಲೆಯೂ ಊರಿ, ದೋಣಿಯು ಓಡುವಾಗ ಇರುವಂತೆ ಮಟ್ಟವಾಗಿ ನಿಲ್ಲಿಸಬೇಕು. ಯಂತ್ರವು ತೋರಿಸುವುದು ಪ್ರೊಪೆಲರು ಹೊರುವ ಪಾಲು. ಈ ಎರಡು ಆಧಾರಗಳ ನಡುವೆ ನಮ್ಮ ದೋಣಿಯಲ್ಲಿ 45 ಸೆಂಟಿಮೀಟರ್ ಅಂತರವಿದ್ದಿತು. ಯಂತ್ರವು 1200 ಗ್ರಾಂ ತೋರಿಸಿತು. ಎಂದರೆ ಒಟ್ಟು ಭಾರದ ಹತ್ತರಲ್ಲಿ ನಾಲ್ಕು ಪಾಲು. ಆದಕಾರಣ ಗುರುತ್ವಕೇಂದ್ರವು ಸ್ಪಾನ್ಸನ್ ಅಂಚಿನಿಂದ 18 ಸೆಂಟಿಮೀಟರ್ ಹಿಂದೆ ಇದ್ದಿತು. ನಕ್ಷೆಯಲ್ಲಿ ಗುರುತಿಸಿದ್ದುದು 13.5, ಅರ್ಥಾತ್ ಹತ್ತರಲ್ಲಿ ಮೂರು ಪಾಲು.

ಬ್ಯಾಟರಿಯ ತೂಕ 600 ಗ್ರಾಂ, ಎಂದರೆ ಒಟ್ಟು ತೂಕದ ಐದನೆಯ ಒಂದು ಪಾಲು. ಅದನ್ನು ಐದು ಸೆಂಟಿಮೀಟರ್ ಸರಿಸಿದರೆ ಗುರುತ್ವಕೇಂದ್ರವು ಒಂದು ಸೆಂಟಿಮೀಟರ್ ಸರಿಯುವುದು. ನಾಲ್ಕೂವರೆ ಸೆಂಟಿಮೀಟರ್ ಮುಂದೆ ತರಬೇಕಾದರೆ ಬ್ಯಾಟರಿಯನ್ನು 22.5 ಸೆಂಟಿಮೀಟರ್ ಮುಂದಕ್ಕೆ ಒಯ್ಯಬೇಕು. ಒಳಗಿನ ಅಡ್ಡಹಲಗೆಯನ್ನು ಕೊಯ್ದು ಹಾಗೆಯೇ ಮಾಡಿದೆವು. ಸೀಸದ ತುಂಡನ್ನು ಮೂಗಿನಲ್ಲಿ ತುರುಕುವವರೂ ಉಂಟು. ಇರುವ ಭಾರವನ್ನು ಸರಿಸಲಾಗದಿದ್ದರೆ ಮಾತ್ರ ಆ ಉಪಾಯಕ್ಕೆ ಹೋಗತಕ್ಕದ್ದು. ಭಾರವು ಅತಿಯಾಗಿ ಮುಂದಾದರೂ ಕೇಡೇ: ದೋಣಿಯು ಮೂಗನ್ನು ಊರಿ ತಡವರಿಸುವುದು, ಅಲೆಯೊಂದು ಎದುರಾದರೆ ತಲೆಕೆಳಗಾಗಿ ಹೊಗುವುದು.

ಎಡಬಲಗಳ ಸಮತೋಲಕ್ಕೆ ನೀರು ತುಂಬಿದ ತೊಟ್ಟಿಯಲ್ಲಿ ತೇಲಿಬಿಟ್ಟು ನೋಡಿದರೆ ಸಾಕು.

ಅರ್ಧ ವೇಗದಲ್ಲಿ ಸಾಧುವಾಗಿದ್ದ ದೋಣಿ ಪೂರ್ಣ ವೇಗದಲ್ಲಿ ಹಾರಿದುದೇಕೆಂದು ಹುಡುಗನು ಕೇಳಿದನು. ಗಾಳಿಯು ಒಡಲನ್ನು ಎತ್ತುವ ಬಲವು ವೇಗದ ವರ್ಗದಂತೆ ಬೆಳೆಯುವುದು. ವೇಗವು ಎರಡರಷ್ಟಾದರೆ ಆ ಬಲವು ನಾಲ್ಕರಷ್ಟು. ಮೂಗು ಒಮ್ಮೆ ಎದ್ದರೆ ಗಾಳಿಗೆ ಇನ್ನೂ ಹೆಚ್ಚು ಮೈ ಸಿಕ್ಕುವುದು. ಅಲ್ಲಿಂದ ಮುಂದೆ ತಡೆಯಿಲ್ಲ. ಇದು ಆಟಿಕೆಯ ಮಾತಷ್ಟೇ ಅಲ್ಲ. 1950ರಲ್ಲಿ ಅಮೆರಿಕದ ವಾಷಿಂಗ್ಟನ್ ಸರೋವರದಲ್ಲಿ 'ಸ್ಲೋ-ಮೋ-ಶನ್ 4' ಎಂಬ ಹೈಡ್ರೋಪ್ಲೇನ್ ಗಂಟೆಗೆ 160 ಮೈಲಿಗಳನ್ನು ಮೀರಿ ದಾಖಲೆಯನ್ನು ಸ್ಥಾಪಿಸಿತು. ಹದಿನೇಳು ವರ್ಷಗಳ ತರುವಾಯ, 1967ರ ಜನವರಿ 4ರಂದು, ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಬೆಲ್ ಎಂಬ ಧೀರನು ತನ್ನ 'ಬ್ಲೂಬರ್ಡ್' ದೋಣಿಯನ್ನು 300 ಮೈಲಿಗಳಿಗೂ ಮಿಕ್ಕ ವೇಗದಲ್ಲಿ ಓಡಿಸುತ್ತಿದ್ದಾಗ ಅದರ ಮೂಗು ಹೀಗೆಯೇ ಮೇಲೆದ್ದು ಮಗುಚಿತು. ಅವನು ಬದುಕಲಿಲ್ಲ.

ಭಾರವು ಸರಿಯಾದ ಮೇಲೆ ಉಳಿಯುವುದು ಪ್ರೊಪೆಲರಿನ ದಂಡದ ಓರೆ. ದಂಡದ ಹಿಂದುದಿಯು ಕೆಳಕ್ಕೆ ಬಾಗಿದ್ದರೆ ದೋಣಿಯ ಹಿಂಭಾಗವು ಏಳುವುದು, ಮೂಗು ತಗ್ಗುವುದು. ಕೂದಲೆಳೆಯಷ್ಟು ಬದಲಾವಣೆಯೂ ನೀರಿನಲ್ಲಿ ಕಾಣುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪುಸ್ತಕದಲ್ಲಿ ಬರೆದಿಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ನಾವು ಹಾಗೆ ಮಾಡಿ ಎರಡು ದಿನ ಕೆಡಿಸಿಕೊಂಡೆವು.

ಅಕ್ಕನು ಎರಡನೆಯ ಸಲ ಅಪ್ಪಣೆ ಕೊಟ್ಟಳಾದರೂ ನಿಬಂಧನೆಗಳನ್ನು ಹಾಕಿದಳು, ಅವೆಲ್ಲವೂ ನ್ಯಾಯವಾದುವೇ. ಪ್ಲಾಸ್ಟಿಕ್ ಹಾಸಿದ ಹೊಂಡ ಕೂಡದು; ಸೆಳೆತವಿರುವ ಕಾಲುವೆಯಂತೂ ಕೂಡದು. ದಡವು ಮೆಲ್ಲನೆ ಇಳಿಯುವ, ದನಕರುಗಳೂ ಬಟ್ಟೆ ಒಗೆಯುವವರೂ ಇಲ್ಲದ ಕೆರೆಯ ಮೂಲೆಯನ್ನು ಗಾಳಿಯೇಳದ ಮುಂಜಾನೆ ಹುಡುಕಬೇಕು. ಕೆಟ್ಟು ನಿಂತ ದೋಣಿಗಾಗಿ ಯಾರೂ ನೀರಿಗೆ ಇಳಿಯಕೂಡದು. ಗಾಳಕ್ಕೆ ತೇಲುವ ಚೆಂಡನ್ನು ಕಟ್ಟಿ ಅದರಾಚೆಗೆ ಎಸೆದು ಎಳೆಯಬೇಕು. ರೇಡಿಯೋ ಸಂಪರ್ಕವು ತಪ್ಪಿದರೆ ಮೋಟಾರು ತಾನೇ ನಿಲ್ಲುವಂತೆ ಮೊದಲೇ ಹೊಂದಿಸಿ, ದೋಣಿಯನ್ನು ಕೈಯಲ್ಲಿ ಹಿಡಿಯದೆ ಮಣೆಯ ಮೇಲೆ ಬಿಗಿದು, ಪ್ರೊಪೆಲರನ್ನು ಬಿಚ್ಚಿಟ್ಟು ಪರೀಕ್ಷಿಸಬೇಕು. ಲಿಥಿಯಂ ಬ್ಯಾಟರಿಗೆ ಮನೆಯವರು ಮಲಗಿರುವಾಗ ವಿದ್ಯುತ್ತನ್ನು ತುಂಬಕೂಡದು. ಕೆಟ್ಟರೆ ಅದು ಉರಿಯುವ ವಸ್ತು.

ಕೆರೆಗೆ ಆ ವೃದ್ಧನೂ ಬಂದನು, ಹಗ್ಗದ ಸಮೇತ. ದೋಣಿಯನ್ನು ಮೊದಲು ಕಾಲು ವೇಗದಲ್ಲಿ, ಬಳಿಕ ಅರ್ಧದಲ್ಲಿ, ಕಡೆಗೆ ಪೂರ್ಣದಲ್ಲಿ ಓಡಿಸಿದೆವು. ಮೂಗು ಒಂದು ಬೆರಳಿನಷ್ಟು ಎದ್ದು ಅಲ್ಲಿಯೇ ನಿಂತಿತು. ಹಿಂದೆ ನೀರಿನ ಜಲ್ಲಿಯು ನವಿಲಿನ ಗರಿಯಂತೆ ಹರಡಿತು. ಆದರೆ ತಿರುವಿನಲ್ಲಿ ದೋಣಿಯು ಹೊರಗಡೆಗೆ ಜಾರಿ ಜೊಂಡಿನೊಳಕ್ಕೆ ನುಗ್ಗಿತು. ಹುಡುಗನು ನೀರಿನ ಕಡೆಗೆ ಒಂದು ಹೆಜ್ಜೆಯಿಟ್ಟು, ನಿಂತು, ಹಿಂದಿರುಗಿ ಗಾಳವನ್ನು ಎತ್ತಿಕೊಂಡನು. ತಿರುವಿನ ಒಳಮಗ್ಗುಲಿನ ಸ್ಪಾನ್ಸನ್‌ಗೆ ನೀರನ್ನು ಕಚ್ಚುವ ಒಂದು ಲೋಹದ ರೆಕ್ಕೆಯನ್ನು ಜೋಡಿಸುವ ಬಗೆಯನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆನು.