ಬೆಂಗಳೂರಿಗೆ ಮಾಲು ತರಲು ಹೋದರೆ ರಾತ್ರಿ ಎಲ್ಲಿ ಉಳಿಯೋದು? ಲಾಡ್ಜ್ ಬೋರ್ಡಿನ ರೇಟು ಪೂರ್ತಿ ಲೆಕ್ಕ ಅಲ್ಲ

ಕೊಳ್ಳೇಗಾಲ: ತಿಂಗಳಿಗೆ ಒಂದೆರಡು ಸಲ ಬೆಂಗಳೂರು ಮುಖ ನೋಡದೆ ಕೊಳ್ಳೇಗಾಲ, ಹನೂರು, ಯಳಂದೂರಿನ ಬಹಳಷ್ಟು ಅಂಗಡಿಗಳು ನಡೆಯಲ್ಲ. ಬಟ್ಟೆಗೆ ಚಿಕ್ಕಪೇಟೆ, ನೋಟ್‌ಬುಕ್ಕು-ಸ್ಟೇಷನರಿಗೆ ಅವೆನ್ಯೂ ರಸ್ತೆ, ಎಲೆಕ್ಟ್ರಿಕಲ್ ಸಾಮಾನಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಎಲೆಕ್ಟ್ರಾನಿಕ್ಸ್‌ಗೆ ಎಸ್.ಪಿ. ರಸ್ತೆ, ಗಾಡಿ ಸ್ಪೇರ್ಸ್‌ಗೆ ಜೆ.ಸಿ. ರಸ್ತೆ. ಇವೆಲ್ಲ ಮೆಜೆಸ್ಟಿಕ್‌ನಿಂದ ಟೌನ್‌ಹಾಲ್‌ವರೆಗಿನ ಒಂದೇ ಪಟ್ಟಿಯಲ್ಲಿವೆ. ಮಾಲು ಎಲ್ಲಿ ಸಿಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ರಾತ್ರಿ ಎಲ್ಲಿ ಮಲಗಬೇಕು ಅನ್ನುವುದಕ್ಕೆ ಮಾತ್ರ ಪ್ರತಿ ಸಲ ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕು.

ಮೈಸೂರಿನ ವಿಷಯ ಬೇರೆ. ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು. ಬೆಂಗಳೂರು ಕೊಳ್ಳೇಗಾಲದಿಂದ ಸುಮಾರು 140 ಕಿ.ಮೀ. ಹನೂರಿನವರಿಗೆ ಇನ್ನೂ 25 ಕಿ.ಮೀ. ಜಾಸ್ತಿ. ಬಸ್ಸಿನಲ್ಲಿ ಮೂರೂವರೆ-ನಾಲ್ಕು ಗಂಟೆ ಹಿಡಿಯುತ್ತದೆ. ಬೆಳಗಿನ ಜಾವ ಹೊರಟರೂ ಹೋಲ್‌ಸೇಲ್ ಅಂಗಡಿಗಳ ಬಾಗಿಲು ತೆಗೆಯುವುದು ಹತ್ತೂವರೆ-ಹನ್ನೊಂದಕ್ಕೆ. ಮಾಲು ಆರಿಸಿ, ಚೌಕಾಸಿ ಮಾಡಿ, ಬಿಲ್ ಹಾಕಿಸಿ, ಪಾರ್ಸೆಲ್ ಕಟ್ಟಿಸುವಷ್ಟರಲ್ಲಿ ಸಂಜೆ ಆರು. ನಗರದ ಟ್ರಾಫಿಕ್ ದಾಟಿ ಕೊಳ್ಳೇಗಾಲಕ್ಕೆ ಇಳಿಯುವುದು ರಾತ್ರಿ ಹತ್ತೂವರೆ, ಹನ್ನೊಂದು. ಕೊಳ್ಳೇಗಾಲ ಪೇಟೆಯವರು ಹೇಗೋ ಮನೆ ಸೇರುತ್ತಾರೆ. ಕೌದಳ್ಳಿ, ರಾಮಾಪುರ, ಲೊಕ್ಕನಹಳ್ಳಿ ಕಡೆಯ ಅಂಗಡಿಯವರು ಏನು ಮಾಡಬೇಕು? ಅಷ್ಟೊತ್ತಿನಲ್ಲಿ ಆಟೊ, ಕಾರು ಮಾಡಿಕೊಂಡು ಹೋದರೆ ಬೆಂಗಳೂರಿನ ಲಾಡ್ಜ್ ಬಾಡಿಗೆಯನ್ನು ದಾರಿಯಲ್ಲೇ ಕೊಟ್ಟಂತೆ. ಹಾಗಾಗಿ ಎಷ್ಟೋ ಸಲ ಬೆಂಗಳೂರಿನಲ್ಲಿ ಉಳಿಯಬೇಕಾ ಬೇಡವಾ ಅನ್ನುವುದು ಬೆಂಗಳೂರಿನಲ್ಲಿ ತೀರ್ಮಾನ ಆಗುವುದಿಲ್ಲ, ಕೊಳ್ಳೇಗಾಲ ಬಸ್ ನಿಲ್ದಾಣದಲ್ಲಿ ಆಗುತ್ತದೆ.

ಕೊಳ್ಳುವವನಿಗಿಂತ ಮಾರುವವನಿಗೆ ಕಷ್ಟ

ಮಾಲು ತರಲು ಹೋಗುವವನ ಕೈಯಲ್ಲಿ ದುಡ್ಡಿರುತ್ತದೆ, ದಿನ ಅವನೇ ಗೊತ್ತು ಮಾಡಿಕೊಳ್ಳಬಹುದು. ರೇಷ್ಮೆ ಸೀರೆ ನೇಯ್ದು ಚಿಕ್ಕಪೇಟೆಗೆ ಕೊಡುವ ಕೊಳ್ಳೇಗಾಲದವರ ಸ್ಥಿತಿ ಹಾಗಲ್ಲ. ಸೀರೆ ಕೊಟ್ಟಾಗಿದೆ, ಹಳೇ ಬಾಕಿ ಬರಬೇಕು. "ಸೇಟು ಇಲ್ಲ, ನಾಳೆ ಬನ್ನಿ" ಅಂದರೆ ಮುಗಿಯಿತು, ಒಂದು ರಾತ್ರಿ ಉಳಿಯಲೇಬೇಕು. ಆ ರಾತ್ರಿಯ ಬಾಡಿಗೆ, ಊಟ, ಓಡಾಟ ಎಲ್ಲ ಸೀರೆಯ ಲಾಭದಿಂದಲೇ ಕಳೆಯುತ್ತದೆ. ಎರಡು ಸಲ ಹೀಗಾದರೆ ಒಂದು ಸೀರೆಯ ಕೂಲಿ ಕೈಬಿಟ್ಟಂತೆ.

ಇಂಥವರು ತಿಳಿದಿರಬೇಕಾದ ಕಾನೂನು ಒಂದಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ ಸಣ್ಣ ಉತ್ಪಾದಕರಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ ಮಾತ್ರ. 2024ರ ಏಪ್ರಿಲ್‌ನಿಂದ ಇದಕ್ಕೆ ಆದಾಯ ತೆರಿಗೆಯ ಬಿಗಿಯೂ ಸೇರಿದೆ. ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಂಡವರು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ, ಹಣ ಕೊಟ್ಟ ವರ್ಷ ಮಾತ್ರ ತೋರಿಸಬಹುದು. ಆದರೆ ನೇಯ್ಗೆಯವರು ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ, ಆ ನಂಬರನ್ನು ಬಿಲ್‌ನಲ್ಲಿ ಹಾಕಿರಬೇಕು. ನೋಂದಣಿಗೆ ದುಡ್ಡು ಕೊಡಬೇಕಾಗಿಲ್ಲ. ದೊಡ್ಡ ವ್ಯಾಪಾರಿಯ ಜೊತೆ ಜಗಳ ಯಾಕೆ ಅನ್ನುವ ಹಿಂಜರಿಕೆ ಇದ್ದದ್ದೇ. ಆದರೂ ಮಾರ್ಚ್ ಹತ್ತಿರ ಬಂದಾಗ ಅವರ ಆಡಿಟರೇ ಬಾಕಿ ತೀರಿಸಿ ಅನ್ನುವ ಹಾಗಾದರೆ ಒಂದೆರಡು ಓಡಾಟ ಉಳಿಯುತ್ತದೆ. ಉಳಿಯಬೇಕಾಗಿಯೇ ಬರದ ರಾತ್ರಿಗಿಂತ ಅಗ್ಗದ ರೂಮ್ ಬೆಂಗಳೂರಿನಲ್ಲಿಲ್ಲ.

ಯಾವ ರಸ್ತೆಯಲ್ಲಿ ಹೋಗುತ್ತೀರಿ?

ನಮ್ಮ ಕಡೆಯಿಂದ ಎರಡು ದಾರಿ. ಮಳವಳ್ಳಿಯಿಂದ ಮದ್ದೂರು ಮೇಲೆ ಮೈಸೂರು ರಸ್ತೆಗೆ ಸೇರುವುದು ಒಂದು. ಕನಕಪುರ ಮೇಲೆ ನೇರ ಹೋಗುವುದು ಇನ್ನೊಂದು. 2021ರ ಜನವರಿಯಲ್ಲಿ ನಮ್ಮ ಮೆಟ್ರೊ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೆ ಬಂದ ಮೇಲೆ ಈ ಎರಡನೇ ದಾರಿಯ ಬೆಲೆ ಬದಲಾಯಿತು. ಅಲ್ಲಿ ಬಸ್ ಇಳಿದು ರೈಲು ಹತ್ತಿದರೆ ಬನಶಂಕರಿ, ಜಯನಗರ, ಲಾಲ್‌ಬಾಗ್ ದಾಟಿ ಕೆ.ಆರ್. ಮಾರುಕಟ್ಟೆ, ಚಿಕ್ಕಪೇಟೆ, ಮೆಜೆಸ್ಟಿಕ್ ಸಾಲಾಗಿ ಸಿಗುತ್ತವೆ. ಅದೇ ಮಾರ್ಗದಲ್ಲಿ ಮುಂದೆ ಹೋದರೆ ಯಶವಂತಪುರ, ಅಂದರೆ ದಿನಸಿಯವರು ಹೋಗುವ ಎಪಿಎಂಸಿ ಯಾರ್ಡ್ ಕಡೆ. ರೇಷ್ಮೆ ಊರಿನವರು ರೇಷ್ಮೆ ಸಂಸ್ಥೆಯಲ್ಲಿ ಇಳಿಯುವುದು ಕಾಕತಾಳೀಯ ಇರಬಹುದು, ಅನುಕೂಲ ಮಾತ್ರ ನಿಜ.

ಹಾಗಂತ ಮೆಟ್ರೊ ಪುಕ್ಕಟೆ ಅಲ್ಲ. 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಕನಿಷ್ಠ 10, ಗರಿಷ್ಠ 90 ರೂಪಾಯಿ ಆಯಿತು. ಸ್ಮಾರ್ಟ್ ಕಾರ್ಡ್ ಇದ್ದರೆ ಸ್ವಲ್ಪ ರಿಯಾಯಿತಿ. ಆದರೂ ಆಟೊ ಜೊತೆ ಹೋಲಿಸಿ ನೋಡಿ. 2025ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿ ಮೊದಲ ಎರಡು ಕಿ.ಮೀ.ಗೆ 36, ನಂತರ ಪ್ರತಿ ಕಿ.ಮೀ.ಗೆ 18 ರೂಪಾಯಿ ಮೀಟರ್ ದರ. ಪೇಟೆಯಲ್ಲಿ 950 ರೂ. ರೂಮ್ ಬಿಟ್ಟು 12 ಕಿ.ಮೀ. ದೂರದಲ್ಲಿ 700ಕ್ಕೆ ಸಿಕ್ಕಿತು ಅಂತ ಹೋದರೆ ಆಟೊಗೆ ಒಂದು ಕಡೆಗೆ 216, ಎರಡೂ ಕಡೆ 432. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು. ಅದೂ ಮೀಟರ್ ಹಾಕಿದರೆ! ಉಳಿಸಿದ್ದು 250, ಕಳೆದದ್ದು 432. ಅದೇ 700 ರೂ. ರೂಮ್ ಹಸಿರು ಮಾರ್ಗದ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಲೆಕ್ಕ ತಿರುಗುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ್ದು ರೇಟಲ್ಲ, ಹತ್ತಿರದ ಮೆಟ್ರೊ ಯಾವುದು ಅಂತ.

ಇದರಲ್ಲೂ ಒಂದು ತೊಡಕಿದೆ. ಮೆಟ್ರೊದಲ್ಲಿ 15 ಕಿಲೊಗಿಂತ ಹೆಚ್ಚಿನ ಲಗೇಜ್‌ಗೆ ಅವಕಾಶ ಇಲ್ಲ. ಬಟ್ಟೆ ಬಂಡಲ್ ಹೊತ್ತವನನ್ನು ತಪಾಸಣೆ ಜಾಗದಲ್ಲೇ ವಾಪಸ್ ಕಳಿಸುತ್ತಾರೆ. ಕೆಎಸ್‌ಆರ್‌ಟಿಸಿಯಲ್ಲಿ ಒಬ್ಬರಿಗೆ 30 ಕಿಲೊವರೆಗೆ ಲಗೇಜ್ ಚಾರ್ಜ್ ಇಲ್ಲ. ಮಾಲನ್ನು ಕಲಾಸಿಪಾಳ್ಯದ ಲಾರಿ ಆಫೀಸಿನಲ್ಲಿ ಬುಕ್ ಮಾಡಿ ಕೈಬೀಸಿಕೊಂಡು ಬರುವವರು ದೂರದಲ್ಲಿ ಉಳಿದರೂ ನಡೆಯುತ್ತದೆ. ಸರಕು ಜೊತೆಯಲ್ಲೇ ತರುವ ಸಣ್ಣ ಅಂಗಡಿಯವರಿಗೆ ದೂರದ ಅಗ್ಗದ ರೂಮ್ ಉಪಯೋಗಕ್ಕೆ ಬರಲ್ಲ. ಕಾಟನ್‌ಪೇಟೆ, ಉಪ್ಪಾರಪೇಟೆ, ಗಾಂಧಿನಗರದ ಹಳೇ ಲಾಡ್ಜ್‌ಗಳೇ ಗತಿ.

ಮೂರು ಪ್ರಶ್ನೆ ಕೇಳಿ ಬ್ಯಾಗ್ ಇಡಿ

ಇಂಥ ಲಾಡ್ಜ್‌ಗಳಲ್ಲಿ ಮೋಸ ಹೋಗುವುದು ಬಾಡಿಗೆಯಲ್ಲಿ ಕಡಿಮೆ, ಗಂಟೆಯಲ್ಲಿ ಜಾಸ್ತಿ. ಬೆಳಗ್ಗೆ ಒಂಬತ್ತಕ್ಕೆ ರೂಮ್ ಹಿಡಿದವನಿಗೆ ಚೆಕ್‌ಔಟ್ ಮಧ್ಯಾಹ್ನ ಹನ್ನೆರಡಕ್ಕೆ ಅಂದರೆ ಮೂರು ಗಂಟೆಗೆ ಒಂದು ದಿನದ ಬಾಡಿಗೆ, ರಾತ್ರಿಗೆ ಇನ್ನೊಂದು. ಹಿಡಿದ ಹೊತ್ತಿನಿಂದ 24 ಗಂಟೆ ಲೆಕ್ಕ ಇರುವ ಕಡೆ ಮರುದಿನ ಒಂಬತ್ತರವರೆಗೂ ನಿಮ್ಮದೇ. ಮೊಬೈಲ್ ಆ್ಯಪ್‌ನಲ್ಲಿ ಕಾಣುವ ಅಗ್ಗದ ರೇಟುಗಳಲ್ಲಿ ಸಾಮಾನ್ಯವಾಗಿ ಹನ್ನೆರಡರ ಲೆಕ್ಕ ಇರುತ್ತದೆ. ಎರಡನೆಯದು, ಮಾಲಿನ ಬಂಡಲ್ ಇಡಲು ಜಾಗ ಉಂಟಾ, ರೂಮ್ ಬಿಟ್ಟ ಮೇಲೂ ಸಂಜೆವರೆಗೆ ಇಟ್ಟುಕೊಳ್ಳುತ್ತಾರಾ? ಮೂರನೆಯದು ಬಿಲ್.

ಬಿಲ್ ವಿಷಯದಲ್ಲಿ ಗ್ರಾಹಕರಿಗೆ ಒಂದು ಅನುಕೂಲ ಆಗಿದೆ. ಸಾವಿರ ರೂಪಾಯಿ ಒಳಗಿನ ರೂಮಿಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಅದಕ್ಕೂ ಶೇ 12 ಹಾಕಿದರು. 2025ರ ಸೆಪ್ಟೆಂಬರ್ 22ರಿಂದ 7,500 ರೂ.ವರೆಗಿನ ರೂಮ್‌ಗಳಿಗೆ ಶೇ 5. ಅಂದರೆ 900 ರೂ. ರೂಮಿಗೆ 108 ರೂ. ತೆರಿಗೆ ಇದ್ದದ್ದು 45ಕ್ಕೆ ಇಳಿದಿದೆ. ಈಗಲೂ ಹಳೇ ಶೇ 12ರ ಲೆಕ್ಕ ಹೇಳಿದರೆ ಕೊಡಬೇಕಾಗಿಲ್ಲ. ತೀರಾ ಸಣ್ಣ ಲಾಡ್ಜ್‌ಗೆ ಜಿಎಸ್‌ಟಿ ನೋಂದಣಿಯೇ ಇಲ್ಲದಿರಬಹುದು. ಆಗ ತೆರಿಗೆ ಕೇಳುವ ಹಾಗೇ ಇಲ್ಲ. ಕಾಂಪೋಸಿಷನ್‌ನಲ್ಲಿರುವ ಅಂಗಡಿಯವರಿಗೆ ಕೊಟ್ಟ ತೆರಿಗೆ ವಾಪಸ್ ಹೊಂದಿಸಿಕೊಳ್ಳಲು ಬರುವುದಿಲ್ಲ. ಹಾಗಾಗಿ ಈ ಇಳಿಕೆ ನೇರ ಜೇಬಿಗೇ ಉಳಿತಾಯ.

ದಿನವನ್ನೂ ನೋಡಬೇಕು. ಸರ್ಕಾರಿ ನೇಮಕಾತಿ ಪರೀಕ್ಷೆ ಇದ್ದಾಗ ಮೆಜೆಸ್ಟಿಕ್ ಸುತ್ತ ರೂಮ್ ಸಿಗುವುದು ಕಷ್ಟ, ಸಿಕ್ಕರೂ ರೇಟು ಏರಿರುತ್ತದೆ. ಭಾನುವಾರ ಚಿಕ್ಕಪೇಟೆಯ ಹೋಲ್‌ಸೇಲ್ ಅಂಗಡಿಗಳು ಹೆಚ್ಚಿನವು ಬಂದ್. ಇನ್ನು ಅಮಾವಾಸ್ಯೆ. ಮಾದಪ್ಪನ ಬೆಟ್ಟಕ್ಕೆ ಹೋಗುವ ಜನದಿಂದ ಬೆಂಗಳೂರು-ಕೊಳ್ಳೇಗಾಲ-ಹನೂರು ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಂಡಲ್ ಹಿಡಿದು ನಿಂತವನನ್ನು ಯಾವ ಕಂಡಕ್ಟರ್ ಹತ್ತಿಸಿಕೊಳ್ಳುತ್ತಾನೆ?

ಬಸ್ಸು ಫ್ರೀ, ರೂಮ್ ಇಲ್ಲ

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸೀರೆ, ನೈಟಿ, ಬಳೆ, ಹೊಲಿಗೆ ಸಾಮಾನಿನ ಸಣ್ಣ ವ್ಯಾಪಾರ ಮಾಡುವ ಹೆಣ್ಣುಮಕ್ಕಳಿಗೆ ಬೆಂಗಳೂರು ಹತ್ತಿರವಾಗಿದೆ. ಬಸ್ ಚಾರ್ಜ್ ಉಳಿಯಿತು, ರಾತ್ರಿಯ ಸಮಸ್ಯೆ ಹಾಗೇ ಇದೆ. ಅಗ್ಗದ ಲಾಡ್ಜ್‌ನ ಕೌಂಟರಿನಲ್ಲಿ ಒಬ್ಬಂಟಿ ಹೆಂಗಸಿಗೆ ಮೊದಲು ಬರುವ ಪ್ರಶ್ನೆ "ಒಬ್ರೇನಾ ಅಕ್ಕ? ಜೊತೇಲಿ ಯಾರೂ ಇಲ್ವಾ?" ಆಮೇಲೆ ರೂಮ್ ಖಾಲಿ ಇಲ್ಲ. ಆಧಾರ್ ಕಾರ್ಡ್ ತೋರಿಸಿದ ವಯಸ್ಕ ಹೆಂಗಸಿಗೆ ಒಬ್ಬಳೇ ಬಂದಳು ಅನ್ನುವ ಕಾರಣಕ್ಕೆ ರೂಮ್ ಕೊಡಬಾರದು ಅಂತ ಯಾವ ಕಾನೂನೂ ಇಲ್ಲ. ಆದರೆ ರಾತ್ರಿ ಎಂಟಕ್ಕೆ ಬಂಡಲ್ ಹಿಡಿದು ನಿಂತವಳು ಕಾನೂನು ಮಾತಾಡಿಕೊಂಡು ನಿಲ್ಲಲಾಗುತ್ತದಾ? ಕೊನೆಗೆ ಅರ್ಧ ಮಾಲು ಆರಿಸಿ ಮೂರು ಗಂಟೆಗೇ ಬಸ್ ಹಿಡಿಯುತ್ತಾರೆ. ಎರಡು ಅಂಗಡಿಯಲ್ಲಿ ರೇಟು ಕೇಳುವ ಪುರುಸೊತ್ತು ಸಿಗದೆ ಮೊದಲನೆಯವನು ಹೇಳಿದ ರೇಟಿಗೇ ತರುತ್ತಾರೆ. ರೂಮ್ ಇಲ್ಲದ ನಷ್ಟ ಹೀಗೆ ಸೀರೆಯ ಬೆಲೆಯಲ್ಲಿ ಸೇರಿ ಬರುತ್ತದೆ. ಇಬ್ಬರು-ಮೂವರು ಒಟ್ಟಿಗೆ ಹೋಗಿ ಒಂದೇ ರೂಮ್ ಹಿಡಿಯುವುದು ಸದ್ಯಕ್ಕೆ ಕೈಗೆಟುಕುವ ದಾರಿ.

ಪಾಲುದಾರಿಕೆ ರೂಮ್ ಲಾಭವೇ?

ತಿಂಗಳಿಗೆ ನಾಲ್ಕು ರಾತ್ರಿ ಉಳಿಯುವವರು ಮೂವರು ಸೇರಿ ಒಂದು ಬಾಡಿಗೆ ರೂಮೇ ಮಾಡಿಬಿಡೋಣ ಅನ್ನುವ ಮಾತು ಆಗಾಗ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಬಾಡಿಗೆ 7,000 ಅಂತ ಇಟ್ಟುಕೊಳ್ಳಿ. ಬೆಂಗಳೂರಿನ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ 70,000. ಅದನ್ನು ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 1,400. ಕರೆಂಟು, ನೀರು 600. ಒಟ್ಟು 9,000. ಹನ್ನೆರಡು ರಾತ್ರಿಗೆ ಹಂಚಿದರೆ ಒಂದು ರಾತ್ರಿಗೆ 750. ಜಿಎಸ್‌ಟಿ ಸೇರಿ 945 ಕೊಡುವ ಲಾಡ್ಜ್‌ಗಿಂತ ಸುಮಾರು 200 ಕಡಿಮೆ. ಒಬ್ಬ ಕೈಬಿಟ್ಟರೆ ಎಂಟು ರಾತ್ರಿ ಮಾತ್ರ ಉಳಿಯುತ್ತದೆ, ಒಂದು ರಾತ್ರಿಗೆ 1,125. ಲಾಡ್ಜೇ ವಾಸಿ ಅನ್ನುವಂತಾಗುತ್ತದೆ. ಮೂವರೂ ವರ್ಷವಿಡೀ ಬಿಡದೆ ಹೋಗುತ್ತೇವೆ ಅನ್ನುವ ಖಾತ್ರಿ ಇದ್ದರೆ ಮಾತ್ರ ಕೈಹಾಕಬಹುದು. ಅದಕ್ಕಿಂತ ಸುಲಭದ್ದು, ಒಂದೇ ಲಾಡ್ಜ್‌ಗೆ ಹತ್ತು ಅಂಗಡಿಯವರು ಮಾತಾಡಿಕೊಂಡು ಹೋಗಿ ಕಾಯಂ ಗಿರಾಕಿ ರೇಟು ಮಾಡಿಸಿಕೊಳ್ಳುವುದು. ನಮ್ಮ ವರ್ತಕರ ಸಂಘಗಳು ಗಣೇಶನ ಹಬ್ಬದ ಚಂದಾಕ್ಕೆ ಕೂರುವಷ್ಟು ಹೊತ್ತು ಇದಕ್ಕೆ ಕೂತರೆ ಸಾಕು.

ಛತ್ರ ಕಟ್ಟಿಸಿದವರೂ ವ್ಯಾಪಾರಿಗಳೇ

ಊರಿಂದ ಬಂದವರಿಗೆ ತಂಗಲು ಜಾಗ ಬೇಕು ಅನ್ನುವುದು ಬೆಂಗಳೂರಿಗೆ ಹೊಸ ವಿಷಯವೇನಲ್ಲ. ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿದ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಎದುರು ಧರ್ಮಛತ್ರ ಕಟ್ಟಿಸಿ ನೂರು ವರ್ಷ ದಾಟಿದೆ. ಮೆಜೆಸ್ಟಿಕ್ ಪಕ್ಕದ ಸುಬೇದಾರ್ ಛತ್ರಂ ರಸ್ತೆಯ ಹೆಸರಿನಲ್ಲೇ ಛತ್ರ ಇದೆ. ಈಗ ಆ ಸುತ್ತಮುತ್ತ ಛತ್ರಕ್ಕಿಂತ ಲಾಡ್ಜ್ ಬೋರ್ಡುಗಳೇ ಹೆಚ್ಚು ಕಾಣುತ್ತವೆ.

ರೈಲ್ವೆಯ ವಿಶ್ರಾಂತಿ ಕೊಠಡಿಗಳು ಪೇಟೆಗೆ ಹತ್ತಿರ, ಬಾಡಿಗೆಯೂ ಹೊರೆಯಲ್ಲ. ಆದರೆ ಅದಕ್ಕೆ ಕನ್ಫರ್ಮ್ ಅಥವಾ ಆರ್‌ಎಸಿ ರೈಲು ಟಿಕೆಟ್ ಬೇಕು. ಚಾಮರಾಜನಗರದಲ್ಲಿ ರೈಲು ಹತ್ತಿ ಮೈಸೂರು ಮೇಲೆ ಹೋಗುವ ಯಳಂದೂರಿನ ಕೆಲವರಿಗೆ ಇದು ಆದೀತು. ಕೊಳ್ಳೇಗಾಲ, ಹನೂರಿನಲ್ಲಿ ರೈಲೇ ಇಲ್ಲ. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಮೇಲೆ ಹೋಗಬೇಕಿದ್ದ ಹೆಜ್ಜಾಲ-ಚಾಮರಾಜನಗರ ಮಾರ್ಗ ಮಂಜೂರಾದದ್ದು 1996-97ರಲ್ಲಿ. ಆಗ ಹುಟ್ಟಿದ ಮಕ್ಕಳು ಈಗ ಅಂಗಡಿ ಗಲ್ಲಾ ಮೇಲೆ ಕೂತಿದ್ದಾರೆ. ಅದನ್ನು ಕಾಯುವ ಬದಲು ಕೇಳಲೇಬೇಕಾದ್ದು ಒಂದಿದೆ. ಬೆಂಗಳೂರಿನಿಂದ ಕೊನೆಗೆ ಬರುವ ಬಸ್ಸುಗಳಿಗೆ ಹೊಂದಿಕೊಂಡು ರಾತ್ರಿ ಹನ್ನೊಂದರ ಹೊತ್ತಿಗೆ ಕೊಳ್ಳೇಗಾಲದಿಂದ ಹನೂರು, ರಾಮಾಪುರ ಕಡೆಗೆ ಒಂದು, ಯಳಂದೂರು ಕಡೆಗೆ ಒಂದು ಬಸ್ ಖಾತ್ರಿಯಾಗಿ ಬಿಟ್ಟರೆ ಎಷ್ಟೋ ಅಂಗಡಿಯವರಿಗೆ ಬೆಂಗಳೂರಿನಲ್ಲಿ ರೂಮ್ ಹುಡುಕುವ ಕೆಲಸವೇ ಇರುವುದಿಲ್ಲ. ಈ ಮನವಿ ಕೊಡಬೇಕಾದ್ದು ಬೆಂಗಳೂರಿಗಲ್ಲ, ಕೊಳ್ಳೇಗಾಲ ಡಿಪೊಗೆ.